ಹಡ್ಲು, ಹಾಡಿ, ಹಿನ್ನೀರು: ಹೆಗ್ಗಡದೇವನಕೋಟೆ ಕಡೆಯ ನಾಗರಹೊಳೆ

ನಾಗರಹೊಳೆ ರಾಷ್ಟ್ರೀಯ ಉದ್ಯಾನವು ಮೈಸೂರು ಮತ್ತು ಕೊಡಗು ಜಿಲ್ಲೆಗಳ ಗಡಿಯಲ್ಲಿ ಹರಡಿರುವ, ಸುಮಾರು 643 ಚದರ ಕಿ.ಮೀ. ವಿಸ್ತೀರ್ಣದ ರಕ್ಷಿತ ಕಾಡು. ಸುತ್ತಲಿನ ಬಫರ್ ವಲಯವೂ ಸೇರಿದರೆ ಹುಲಿ ಸಂರಕ್ಷಿತ ಪ್ರದೇಶದ ವಿಸ್ತಾರ ಸುಮಾರು 1,206 ಚದರ ಕಿ.ಮೀ. ಪೂರ್ವಕ್ಕೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ರಾಗಿ, ಹತ್ತಿ, ಹೊಗೆಸೊಪ್ಪಿನ ಹೊಲಗಳು. ಪಶ್ಚಿಮಕ್ಕೆ ದಕ್ಷಿಣ ಕೊಡಗಿನ ಕಾಫಿ ತೋಟಗಳು. ದಕ್ಷಿಣಕ್ಕೆ ಕಬಿನಿಯ ಹಿನ್ನೀರು, ಅದರಾಚೆ ಬಂಡೀಪುರ ಮತ್ತು ಕೇರಳದ ವಯನಾಡು. ಕೃಷ್ಣರಾಜನಗರದ ಗದ್ದೆ ಬಯಲಿನವರಿಗೆ ಈ ಕಾಡು ಕಣ್ಣಿಗೆ ಬೀಳುವುದಿಲ್ಲ; ಆದರೆ ಕಾಡಿನಿಂದಿಳಿದ ಲಕ್ಷ್ಮಣತೀರ್ಥ ಹುಣಸೂರು ಪಟ್ಟಣವನ್ನು ಹಾದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಕಾಡಿಗೆ ಹೆಸರು ಬಂದದ್ದು ಹಾವಿನಂತೆ ಬಳುಕುತ್ತ ಅದರೊಳಗೆ ಹರಿಯುವ ಹೊಳೆಯಿಂದ. 1992ರಲ್ಲಿ ಸರ್ಕಾರ ರಾಜೀವ್ ಗಾಂಧಿಯವರ ಹೆಸರಿಟ್ಟಿತು. ಜನರ ಬಾಯಲ್ಲಿ ಹಳೆಯ ಹೆಸರೇ ಉಳಿಯಿತು. ಎಚ್.ಡಿ. ಕೋಟೆ ಕಡೆಯ ಹಿರಿಯರಂತೂ ಅದನ್ನೂ ಹೇಳುವುದು ಕಡಿಮೆ. ಅವರಿಗೆ ಇದು ಕಾಕನಕೋಟೆ ಕಾಡು.

ಇಲ್ಲಿಗೆ ಬರುವ ಬಹುಪಾಲು ಜನ ಹುಲಿ ನೋಡಲು ಬರುತ್ತಾರೆ. ಕಂಡರೆ ಸಂತೋಷ, ಕಾಣದಿದ್ದರೆ ದುಡ್ಡು ದಂಡ ಎಂಬ ಲೆಕ್ಕ. ಆದರೆ ಈ ಕಾಡನ್ನು ತಿಳಿಯಲು ಹುಲಿಯಿಂದ ಹೊರಟರೆ ದೂರ ಹೋಗಲಾಗದು, ಹುಲ್ಲಿನಿಂದ ಹೊರಡಬೇಕು. ಹುಲ್ಲು ಎಲ್ಲಿ ಯಾವ ತಿಂಗಳು ಹಸಿರಾಗಿರುತ್ತದೆ ಎಂಬುದೊಂದು ಗೊತ್ತಾದರೆ ಜಿಂಕೆ ಎಲ್ಲಿ, ಕಾಟಿ ಎಲ್ಲಿ, ಆನೆ ಎಲ್ಲಿ, ಅವುಗಳ ಹಿಂದೆ ಹುಲಿ ಎಲ್ಲಿ ಎಂಬುದು ತಾನಾಗಿ ಗೊತ್ತಾಗುತ್ತದೆ. ಹುಲ್ಲು ಬೆಳೆಯುವ ಜಾಗಗಳಲ್ಲಿ ಎರಡು ಮುಖ್ಯ. ಒಂದು, ಕಾಡಿನ ಒಡಲಲ್ಲೇ ಇರುವ ಹಡ್ಲು. ಇನ್ನೊಂದು, ಅಣೆಕಟ್ಟಿನಿಂದ ಹುಟ್ಟಿದ ಹಿನ್ನೀರಿನ ಅಂಚು.

ಹಡ್ಲು

ಜೀಪು ಕಾಡಿನೊಳಗೆ ಸುತ್ತುವಾಗ ಮುಕ್ಕಾಲು ಪಾಲು ಹೊತ್ತು ಕಾಣುವುದು ಮರದ ಕಾಂಡ ಮತ್ತು ಪೊದೆ. ಆಮೇಲೆ ಒಂದು ತಿರುವಿನಲ್ಲಿ ಮರಗಳು ಸರಿದು, ತಗ್ಗಿನಲ್ಲಿ ಉದ್ದಕ್ಕೆ ಮಲಗಿದ ಹಸಿರು ಬಯಲು ತೆರೆದುಕೊಳ್ಳುತ್ತದೆ. ಇದೇ ಹಡ್ಲು. ಎರಡು ದಿಣ್ಣೆಗಳ ನಡುವಿನ ಜೌಗು ನೆಲ ಅದು. ಮಣ್ಣು ಜೇಡಿ, ಸುತ್ತಲ ಇಳಿಜಾರಿನಿಂದ ಬಸಿದ ನೀರು ಅಲ್ಲಿ ನಿಲ್ಲುತ್ತದೆ, ಬೇಗ ಇಂಗುವುದಿಲ್ಲ. ಬಸಿದುಹೋಗುವ ನೆಲವನ್ನೇ ಬೇಡುವ ತೇಗದಂಥ ಮರಕ್ಕೆ ಅಲ್ಲಿ ಬದುಕಿಲ್ಲ, ಹಾಗಾಗಿ ಹುಲ್ಲಿಗೆ ಬದುಕು. ಮಾರ್ಚ್ ಕೊನೆಗೆ ದಿಣ್ಣೆಯ ಮೇಲಿನ ಹುಲ್ಲು ಒಣಗಿ ಕಡ್ಡಿಯಾಗಿ, ಒಂದು ಬೀಡಿಯ ಕಿಡಿಗೆ ಕಾಯುತ್ತಿರುವಾಗಲೂ ಹಡ್ಲು ಹಸಿರಾಗಿರುತ್ತದೆ. ಕರಾವಳಿಯಲ್ಲಿ ಬೇಸಾಯ ಮಾಡದೆ ಬಿಟ್ಟ ಗದ್ದೆಗೆ ‘ಹಡಿಲು’ ಎನ್ನುತ್ತಾರೆ. ಇಲ್ಲಿಯೂ ಹಿಂದೆ ಕೆಲವು ಹಡ್ಲುಗಳಲ್ಲಿ ಭತ್ತ ಬೆಳೆಯುತ್ತಿದ್ದರು. ಗಡಿ ದಾಟಿ ವಯನಾಡಿಗೆ ಹೋದರೆ ಇಂಥದೇ ನೆಲಕ್ಕೆ ‘ವಯಲ್’ ಎಂಬ ಹೆಸರು.

ಬೆಳಗಿನ ಜಾವ ಹಡ್ಲಿನ ಮೇಲೆ ಮಂಜು ಮೊಣಕಾಲೆತ್ತರಕ್ಕೆ ನಿಂತಿರುತ್ತದೆ. ಮೊದಲು ಕಾಣುವುದು ಚುಕ್ಕೆ ಜಿಂಕೆಗಳ ಬೆನ್ನು ಮತ್ತು ಕೊಂಬು, ಕಾಲಲ್ಲ. ಅವು ಬಯಲಿನ ನಡುವೆ ಗುಂಪಾಗಿ ಮೇಯುತ್ತವೆ. ಅಂಚಿನ ಪೊದೆಗೆ ಹತ್ತಿರ ಹೋಗಲು ಹಿಂಜರಿಯುತ್ತವೆ. ಕಡವೆಗೆ ಈ ಗುಂಪುಗಾರಿಕೆ ಇಲ್ಲ. ಒಂಟಿಯಾಗಿಯೋ ತಾಯಿ-ಮರಿಯಾಗಿಯೋ ನೆರಳಿನಲ್ಲೇ ನಿಲ್ಲುತ್ತದೆ. ಕಾಟಿ, ಅಂದರೆ ಕಾಡೆಮ್ಮೆ, ಹೊರಗೆ ಬರುವುದು ನಿಧಾನ. ಮೊದಲು ಒಂದು ಹಿರಿಯ ಹೆಣ್ಣು ಅಂಚಿಗೆ ಬಂದು ಮೂಗೆತ್ತಿ ನಿಲ್ಲುತ್ತದೆ. ಗಾಳಿ ಸರಿಯಿದೆ ಎನಿಸಿದ ಮೇಲೆ ಉಳಿದವು ಒಂದೊಂದಾಗಿ ಇಳಿಯುತ್ತವೆ. ಬಿಳಿ ಕಾಲುಚೀಲ ಹಾಕಿಕೊಂಡಂಥ ಕಾಲುಗಳು ಜೌಗಿನಲ್ಲಿ ಹೂತು ಎದ್ದಾಗಲೆಲ್ಲ ಪಚಕ್ ಎಂಬ ಸದ್ದು ಬಯಲಿನಾಚೆಗೂ ಕೇಳಿಸುತ್ತದೆ.

ಹಡ್ಲಿನ ಸುತ್ತಲಿನ ಕಾಡು ಎಲ್ಲ ಕಡೆಯೂ ಒಂದೇ ಅಲ್ಲ. ಕೊಡಗಿಗೆ ತಾಗಿದ ನಾಗರಹೊಳೆ, ಕಲ್ಲಹಳ್ಳ, ಆನೆಚೌಕೂರು ವಲಯಗಳಲ್ಲಿ ಮಳೆ ಹೆಚ್ಚು. ಅಲ್ಲಿನದು ತೇವದ ಎಲೆಯುದುರುವ ಕಾಡು. ನಂದಿ, ಮತ್ತಿ, ಹೊನ್ನೆ, ಬೀಟೆ ಅಲ್ಲಿ ಎತ್ತರಕ್ಕೆ ಹೋಗುತ್ತವೆ. ಪೂರ್ವಕ್ಕೆ ಸರಿದಂತೆ, ಅಂದರೆ ಮೇಟಿಕುಪ್ಪೆ, ಅಂತರಸಂತೆ ಕಡೆಗೆ ಬಂದಂತೆ, ಮಳೆ ಇಳಿದು ಮರವೂ ಕುಳ್ಳಾಗುತ್ತದೆ: ದಿಂಡಿಗ, ಕಕ್ಕೆ, ಮುತ್ತುಗ, ನೆಲ್ಲಿ, ಅಲ್ಲಲ್ಲಿ ಶ್ರೀಗಂಧ. ಹುಣಸೂರು, ವೀರನಹೊಸಹಳ್ಳಿ ಮತ್ತು ಡಿ.ಬಿ. ಕುಪ್ಪೆ ಸೇರಿ ಒಟ್ಟು ಎಂಟು ವಲಯಗಳು. ನಡುನಡುವೆ ನೇರ ಸಾಲಿನಲ್ಲಿ ನಿಂತ ತೇಗದ ತೋಪುಗಳಿವೆ. ಅವು ಕಾಡಲ್ಲ, ಮರದ ವ್ಯಾಪಾರಕ್ಕೆಂದು ಬ್ರಿಟಿಷರ ಕಾಲದಿಂದ ನೆಟ್ಟ ನೆಡುತೋಪು. ಅದರೊಳಗೆ ಜೀಪು ನುಗ್ಗಿದಾಗ ಹಕ್ಕಿಯ ದನಿ ಕಡಿಮೆಯಾಗುವುದನ್ನು ಕಿವಿ ಇದ್ದವರು ಗಮನಿಸಬಹುದು. ಬಿದಿರಿನ ಕತೆ ಬೇರೆ: 2010ರ ದಶಕದ ಮೊದಲ ವರ್ಷಗಳಲ್ಲಿ ಈ ಸೀಮೆಯ ಹೆಬ್ಬಿದಿರು ಮೆಳೆಗಟ್ಟಲೆ ಹೂಬಿಟ್ಟು, ಅಕ್ಕಿ ಉದುರಿಸಿ, ಸತ್ತುಹೋಯಿತು. ಬಿದಿರು ಒಮ್ಮೆ ಹೂಬಿಟ್ಟರೆ ಮುಗಿಯಿತು. ಬಿದ್ದ ಬೀಜದಿಂದ ಮತ್ತೆ ಮೆಳೆಯಾಗಲು ವರ್ಷಗಳು ಬೇಕು. ತೆರವಾದ ಬೆಳಕಿಗೆ ಮೊದಲು ಓಡಿಬರುವುದು ಲಂಟಾನ. ಇಂದು ಪ್ರವಾಸಿಗ ‘ಎಷ್ಟು ದಟ್ಟ ಕಾಡು’ ಎಂದು ಬೆರಗಾಗುವ ಕೆಲವು ಕಡೆ ದಟ್ಟವಾಗಿರುವುದು ಈ ಹೊರಗಿನ ಗಿಡವೇ. ಅದರಡಿ ಹುಲ್ಲು ಚಿಗುರದು.

ಹಿನ್ನೀರು

ಕಬಿನಿ ವಯನಾಡಿನಲ್ಲಿ ಹುಟ್ಟಿ, ಎಚ್.ಡಿ. ಕೋಟೆ ಸೀಮೆಯನ್ನು ಹಾದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುವ ನದಿ. ಬೀಚನಹಳ್ಳಿ ಮತ್ತು ಬಿದರಹಳ್ಳಿಗಳ ನಡುವೆ ಅದಕ್ಕೆ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಜಲಾಶಯದ ಮೂಲ ಸಾಮರ್ಥ್ಯ 19.52 ಟಿ.ಎಂ.ಸಿ.; ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2,284 ಅಡಿ. ಮಳೆಗಾಲದಲ್ಲಿ ಪತ್ರಿಕೆಯ ಮೂಲೆಯಲ್ಲಿ ದಿನವೂ ಅಚ್ಚಾಗುವ ಈ ಅಂಕಿಯನ್ನು ಮೈಸೂರು ಸೀಮೆಯ ಜನ ಚಿನ್ನದ ದರದಂತೆ ಓದುತ್ತಾರೆ. ಹಿನ್ನೀರಿನಲ್ಲಿ ಹತ್ತಾರು ಹಳ್ಳಿಗಳೂ, ನದಿದಂಡೆಯ ಬಿದಿರುಗಾಡೂ ಮುಳುಗಿದವು. ಪ್ರಾಚೀನ ಪುನ್ನಾಟ ರಾಜ್ಯದ ರಾಜಧಾನಿ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸಿದ ಕಿತ್ತೂರು ಇದ್ದದ್ದೂ ಈ ದಂಡೆಯಲ್ಲೇ. ಗ್ರೀಕ್ ಭೂಗೋಳಜ್ಞ ಟಾಲೆಮಿ ಎರಡನೆಯ ಶತಮಾನದಲ್ಲಿ, ಬೆರಿಲ್ ಎಂಬ ಹಸಿರು ಹರಳು ಸಿಗುವ ನಾಡೆಂದು ಪುನ್ನಾಟದ ಹೆಸರು ಬರೆದಿಟ್ಟಿದ್ದಾನೆ. ಇಂದು ಆನೆ ನೋಡಲು ದೋಣಿ ಹತ್ತಿದವರು ಒಂದು ರಾಜ್ಯದ ಅಂಗಳದ ಮೇಲೆ ತೇಲುತ್ತಿರುತ್ತಾರೆ.

ಜಲಾಶಯ ತುಂಬುವುದು ಜುಲೈ–ಆಗಸ್ಟ್‌ನಲ್ಲಿ, ಅದೂ ಇಲ್ಲಿನ ಮಳೆಯಿಂದಲ್ಲ, ವಯನಾಡಿನ ಮಳೆಯಿಂದ. ಡಿಸೆಂಬರ್ ಹೊತ್ತಿಗೆ ನೀರು ಇಳಿಯತೊಡಗುತ್ತದೆ. ದಿನಕ್ಕಿಷ್ಟು ಗೇಣಿನಂತೆ ಹಿಂಜರಿಯುವ ನೀರು, ತಾನು ಬಿಟ್ಟುಹೋದ ಹಸಿಮಣ್ಣಿನಲ್ಲಿ ಎಳೆಹುಲ್ಲು ಎಬ್ಬಿಸುತ್ತದೆ. ಕಾಡು ಒಣಗಿದಷ್ಟೂ ಈ ಅಂಚು ಅಗಲವಾಗುತ್ತ ಹೋಗುತ್ತದೆ. ಏಪ್ರಿಲ್ ವೇಳೆಗೆ ಎರಡು ಕಾಡುಗಳ ನಡುವೆ ದೊಡ್ಡದೊಂದು ಹುಲ್ಲುಗಾವಲು. ನಾಗರಹೊಳೆ, ಬಂಡೀಪುರ, ವಯನಾಡು ಮೂರೂ ಕಡೆಯ ಆನೆಗಳು ಆಗ ಇಲ್ಲಿಗೆ ಇಳಿಯುತ್ತವೆ. ಏಷ್ಯಾದ ಕಾಡಾನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ಜಾಗಗಳು ಬೆರಳೆಣಿಕೆಯವು. ಆ ಕೂಟ ನೆರೆಯುವುದು ಅಣೆಕಟ್ಟಿಗೆ ಮುಂಚೆ ಇಲ್ಲದೇ ಇದ್ದ ಹುಲ್ಲಿನ ಮೇಲೆ. ಆನೆಯ ದಂಡೆಗಾಡನ್ನು ನುಂಗಿದ ನೀರೇ ಬೇಸಗೆಗೆ ಅದಕ್ಕೆ ಮೇವು ಕೊಡುತ್ತಿದೆ. ಅಣೆಕಟ್ಟನ್ನು ಹೊಗಳಲು ಇದು ಕಾರಣವಲ್ಲ. ಆದರೆ ಈ ನೋಟವನ್ನು ‘ಅನಾದಿ ಕಾಲದ ನಿಸರ್ಗ’ ಎಂದು ಬಣ್ಣಿಸುವ ಪ್ರವಾಸಿ ಕೈಪಿಡಿಗಳು ಅರ್ಧ ಶತಮಾನದ ಹಿಂದಕ್ಕೂ ನೋಡಿಲ್ಲ.

ಆನೆ ಈ ಎಳೆಹುಲ್ಲು ತಿನ್ನುವುದನ್ನು ಒಂದು ಗಂಟೆ ಕೂತು ನೋಡಬೇಕು. ಹುಲ್ಲು ಗಿಡ್ಡ, ಸೊಂಡಿಲ ಹಿಡಿತಕ್ಕೆ ಸಿಗುವಂಥದ್ದಲ್ಲ. ಆನೆ ಮುಂಗಾಲಿನ ಉಗುರಿನಿಂದ ನೆಲ ಸವರಿ ಬುಡ ಸಡಿಲಿಸುತ್ತದೆ. ಕಿತ್ತದ್ದನ್ನು ಸೊಂಡಿಲ ತುದಿಯಲ್ಲಿ ಗುಡ್ಡೆ ಮಾಡಿ, ಹಿಡಿಯಷ್ಟಾದ ಮೇಲೆ ಎತ್ತುತ್ತದೆ. ಬೇರಿಗಂಟಿದ ಕೆಸರನ್ನು ಮೊಣಕಾಲಿಗೆ ಎರಡು ಸಲ ಬಡಿದು ಉದುರಿಸಿ ಬಾಯಿಗಿಡುತ್ತದೆ. ಮರಿಗಳಿಗೆ ಈ ವಿದ್ಯೆ ಇನ್ನೂ ಹತ್ತಿರುವುದಿಲ್ಲ. ಅವು ಕಾಲು ಸವರುವ ನಾಟಕ ಮಾಡಿ, ಬೇಸರ ಬಂದಾಗ ತಾಯಿಯ ಬಾಯಿಗೇ ಸೊಂಡಿಲು ಹಾಕುತ್ತವೆ. 2022ರ ಜೂನ್‌ನಲ್ಲಿ ಸಾಯುವವರೆಗೆ ಈ ದಂಡೆಯ ನಾಯಕ ಭೋಗೇಶ್ವರ ಎಂಬ ಆನೆ. ಅದರ ದಂತಗಳು ನೆಲ ಮುಟ್ಟುವಷ್ಟು ಉದ್ದ; ಸತ್ತ ಮೇಲೆ ಅಳೆದಾಗ ಒಂದು 2.54 ಮೀಟರ್, ಇನ್ನೊಂದು 2.34 ಮೀಟರ್. ಸುಮಾರು ಅರವತ್ತು ವರ್ಷ ಬಾಳಿ ವಯಸ್ಸಾಗಿ ಸತ್ತ ಆನೆ. ದಂತದ ಆನೆಗೆ ಈ ಸಾವು ಸುಲಭಕ್ಕೆ ಸಿಗುವುದಲ್ಲ.

ನೀರಿನೊಳಗೆ ಇನ್ನೂ ಬೀಳದೆ ನಿಂತಿರುವ ಮುಳುಗಡೆಯ ಮರಗಳ ಬೊಡ್ಡೆಗಳಿವೆ. ಅವುಗಳ ಮೇಲೆ ನೀರುಕಾಗೆ, ಹಾವಕ್ಕಿಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ. ಮೀನು ಹಿಡಿಯುವ ಹದ್ದು, ಗಿಡುಗಗಳಿಗೆ ಅವೇ ಕಾವಲು ಗೋಪುರ. ನೀರಿಳಿದಾಗ ಎದ್ದ ನಡುಗಡ್ಡೆಗಳ ಬರಿನೆಲದಲ್ಲಿ ರೀವ ಹಕ್ಕಿಗಳು ಮೊಟ್ಟೆಯಿಡುತ್ತವೆ. ದಂಡೆಯ ಬಂಡೆಗಳಲ್ಲಿ ಮೊಸಳೆ, ಕೆಲವೊಮ್ಮೆ ನೀರುನಾಯಿಗಳ ಸಂಸಾರ. ಭೀಮನಕೊಲ್ಲಿಯ ಮಹದೇಶ್ವರನ ಗುಡಿಯೂ ಈ ಹಿನ್ನೀರಿನ ದಂಡೆಯಲ್ಲೇ ಇದೆ. ಜಾತ್ರೆಗೆ ಬಂದ ಒಕ್ಕಲುಗಳು ಹರಕೆ ತೀರಿಸುವ ಆಚೆ ದಡದಲ್ಲಿ ಆನೆಹಿಂಡು ನಿಂತಿರುವುದುಂಟು. ಅವರು ಕೈಮುಗಿಯುತ್ತಾರೆ, ಫೋಟೊ ತೆಗೆಯುವುದು ಆಮೇಲೆ.

ಖೆಡ್ಡಾ ಕಾಲ

ಹಿನ್ನೀರು ಬರುವ ಮೊದಲು ಕಾಕನಕೋಟೆಯ ಹೆಸರು ದೇಶವಿದೇಶಕ್ಕೆ ಮುಟ್ಟಿದ್ದು ಖೆಡ್ಡಾದಿಂದ. ಮೈಸೂರು ಸಂಸ್ಥಾನದಲ್ಲಿ ಕಾಡಾನೆಗಳನ್ನು ಹಿಂಡುಹಿಂಡಾಗಿ ಹಿಡಿಯುವ ಈ ಪದ್ಧತಿಯನ್ನು ಜಿ.ಪಿ. ಸ್ಯಾಂಡರ್ಸನ್ 1870ರ ದಶಕದಲ್ಲಿ ಚಾಮರಾಜನಗರದ ಕಡೆ ಆರಂಭಿಸಿದ. ಮುಂದೆ ಕಬಿನಿ ದಂಡೆಯ ಕಾಕನಕೋಟೆ ಅದರ ಮುಖ್ಯ ನೆಲೆಯಾಯಿತು. ಇಲ್ಲಿನ ವಿಶೇಷ ನದಿಯಲ್ಲಿ ನಡೆಯುವ ಬೆನ್ನಟ್ಟು. ವಾರಗಟ್ಟಲೆ ಕಾಡಿನಲ್ಲಿ ಬೆಂಕಿ, ತಮಟೆ, ಕೂಗಿನಿಂದ ಹಿಂಡನ್ನು ಸುತ್ತುಗಟ್ಟಿ ತಂದು, ಕೊನೆಯ ದಿನ ಹೊಳೆಗಿಳಿಸಿ, ಆಚೆ ದಡದ ದಿಮ್ಮಿಗಳ ದೊಡ್ಡಿಗೆ ನುಗ್ಗಿಸುತ್ತಿದ್ದರು. ಪಳಗಿದ ಕುಮ್ಕಿ ಆನೆಗಳು ಎರಡೂ ಬದಿಗೆ ಒತ್ತಿ ಹಿಡಿದಾಗ ಜೇನುಕುರುಬ, ಬೆಟ್ಟಕುರುಬ ಆಳುಗಳು ಹಗ್ಗ ಹಿಡಿದು ಕಾಡಾನೆಯ ಕಾಲಬುಡಕ್ಕೆ ಇಳಿಯಬೇಕು. ಮೇಲೆ ಅಟ್ಟಣಿಗೆಯಲ್ಲಿ ವೈಸರಾಯ್, ಯುವರಾಜರು, ಮಹಾರಾಜರ ಅತಿಥಿಗಳು. ಯಾರ ಧೈರ್ಯವನ್ನು ಯಾರು ಚಪ್ಪಾಳೆ ತಟ್ಟಿ ನೋಡಿದರು ಎಂಬುದು ಆ ಕಾಲದ ಫೋಟೊಗಳಲ್ಲೇ ಇದೆ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆಮೇಲೆ ಖೆಡ್ಡಾದ ನೆಲವೂ ನೀರಿನಡಿ ಹೋಯಿತು.

ಕಾರಾಪುರದ ಮಾವುತರ ಮಗನಾಗಿ 1924ರಲ್ಲಿ ಹುಟ್ಟಿದ ಸಾಬು, ಹುಡುಗನಾಗಿದ್ದಾಗಲೇ ‘ಎಲಿಫೆಂಟ್ ಬಾಯ್’ (1937) ಚಿತ್ರದಿಂದ ಹಾಲಿವುಡ್ಡಿಗೆ ಹೋದದ್ದು ಈ ಸೀಮೆಯ ಹಳೆಯ ಹೆಮ್ಮೆ. ಕನ್ನಡಿಗರ ಮನಸ್ಸಿನಲ್ಲಿ ಇಲ್ಲಿನ ಕಾಡನ್ನು ನೆಟ್ಟಿದ್ದು ಮಾತ್ರ ಮಾಸ್ತಿಯವರ ‘ಕಾಕನಕೋಟೆ’ ನಾಟಕ, ಮತ್ತು ರಾಜಕುಮಾರ್ ಅರಣ್ಯಾಧಿಕಾರಿಯಾಗಿ ನಟಿಸಿದ 1973ರ ‘ಗಂಧದ ಗುಡಿ’. ಅದೇ ಹೆಸರಿನಲ್ಲಿ 2022ರಲ್ಲಿ ತೆರೆಕಂಡ ಪುನೀತ್ ರಾಜಕುಮಾರ್ ಅವರ ಕೊನೆಯ ಚಿತ್ರದಲ್ಲೂ ನಾಗರಹೊಳೆ ಇದೆ. ತಂದೆ ಮರಗಳ್ಳರನ್ನು ಹಿಡಿದ ಕಾಡಿನಲ್ಲಿ ಮಗ ಬರಿಗೈಯಲ್ಲಿ ನಡೆದ.

ಖೆಡ್ಡಾ ನಿಂತರೂ ಅದರಲ್ಲಿ ಸಿಕ್ಕ ಆನೆಗಳು ಬಹಳ ಕಾಲ ಬದುಕಿದವು. 1968ರಲ್ಲಿ ಕಾಕನಕೋಟೆಯಲ್ಲಿ ಹಿಡಿದ ಅರ್ಜುನ, ಮಾನಂದವಾಡಿ ರಸ್ತೆಯ ಬಳ್ಳೆ ಶಿಬಿರದ ಆನೆ. ಮೈಸೂರು ದಸರೆಯಲ್ಲಿ ಎಂಟು ಸಲ ಚಿನ್ನದ ಅಂಬಾರಿ ಹೊತ್ತಿತು. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ಬಳಿ ಕಾಡಾನೆ ಕಾರ್ಯಾಚರಣೆಯಲ್ಲಿ ಸಲಗದೊಡನೆ ಸೆಣಸುತ್ತ ಸತ್ತಿತು. ಅದಕ್ಕಿಂತ ಮುಂಚಿನ ದ್ರೋಣ ಹದಿನೆಂಟು ಸಲ ಅಂಬಾರಿ ಹೊತ್ತ ಆನೆ. 1998ರಲ್ಲಿ ಬಳ್ಳೆಯಲ್ಲೇ, ಸೊಪ್ಪು ಎಳೆಯಲು ಹೋಗಿ ವಿದ್ಯುತ್ ತಂತಿ ತಗುಲಿ ಸತ್ತಿತು. ಈಗಲೂ ದಸರೆಗೆ ವಾರಗಳ ಮುಂಚೆ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುತ್ತದೆ. ಆನೆಯ ಹಿಂದೆಯೇ ಮಾವುತ, ಕಾವಾಡಿಗಳ ಸಂಸಾರಗಳೂ ಪಾತ್ರೆಪಗಡದೊಂದಿಗೆ ಅರಮನೆ ಅಂಗಳಕ್ಕೆ ಹೊರಡುತ್ತವೆ. ಭತ್ತ, ಬೆಲ್ಲ, ಕಡಲೆಕಾಯಿ ಇಟ್ಟು ಹುಲ್ಲಿನಲ್ಲಿ ಸುತ್ತಿ ಕಟ್ಟಿದ ‘ಕುಸುರೆ’ಯನ್ನು ಕಾವಾಡಿ ಆನೆಯ ಬಾಯಿಗಿಡುವ ರೀತಿ ನೋಡಿದರೆ ಈ ಕೆಲಸಕ್ಕೆ ಏಕೆ ಹಾಡಿಯವರೇ ಬೇಕು ಎಂಬುದು ಗೊತ್ತಾಗುತ್ತದೆ.

ಹಾಡಿ

ಹಾಡಿ ಎಂದರೆ ಕಾಡಿನ ಜನರ ಕೇರಿ. ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ, ಪಣಿಯ ಕುಟುಂಬಗಳು ಈ ಕಾಡಿನೊಳಗೂ ಅಂಚಿನಲ್ಲೂ ಬದುಕಿ ಬಂದಿವೆ. ಕರ್ನಾಟಕದಲ್ಲಿ ವಿಶೇಷ ದುರ್ಬಲ ಬುಡಕಟ್ಟುಗಳೆಂದು ಕೇಂದ್ರ ಸರ್ಕಾರ ಗುರುತಿಸಿರುವುದು ಎರಡೇ: ಕರಾವಳಿಯ ಕೊರಗರು ಮತ್ತು ಈ ಸೀಮೆಯ ಜೇನುಕುರುಬರು. ಹೆಜ್ಜೇನು ಕಟ್ಟಿದ ಎತ್ತರದ ಮರಕ್ಕೆ ಕತ್ತಲಲ್ಲಿ ಹತ್ತಿ, ಹೊಗೆಯಾಡುವ ಸೊಪ್ಪಿನ ಕಟ್ಟಿನಿಂದ ನೊಣ ಎಬ್ಬಿಸಿ ತುಪ್ಪ ಇಳಿಸುವುದು ಅವರ ಕುಲವೃತ್ತಿ. ಮಾವುತಿಕೆ ಆಮೇಲಿನದು. ಇಂದು ಅರಣ್ಯ ಇಲಾಖೆಯ ಬೆಂಕಿ ಕಾವಲು, ಕಳ್ಳಬೇಟೆ ತಡೆ ಶಿಬಿರಗಳಲ್ಲಿ ದಿನಗೂಲಿಗೆ ನಡೆಯುವವರಲ್ಲೂ ಹಾಡಿಯವರು ಬಹಳ. ಹೆಜ್ಜೆ ಎಷ್ಟು ಹೊತ್ತಿನದೆಂದು ಅವರು ಹೇಳುವುದು ಹುಲ್ಲಿನ ಮೇಲಿನ ಇಬ್ಬನಿ ನೋಡಿ: ಇಬ್ಬನಿ ಒಡೆದಿದ್ದರೆ ಪ್ರಾಣಿ ಬೆಳಕು ಹರಿದ ಮೇಲೆ ಹೋದದ್ದು, ಹೆಜ್ಜೆಯ ಮೇಲೂ ಇಬ್ಬನಿ ಕೂತಿದ್ದರೆ ರಾತ್ರಿಯೇ ದಾಟಿದ್ದು.

ಕಾಡು ಕಾನೂನಿನ ಬೇಲಿಯೊಳಗೆ ಬಂದದ್ದು ಹಂತಹಂತವಾಗಿ. ಕೊಡಗಿನ ಭಾಗ 1955ರಲ್ಲಿ ವನ್ಯಧಾಮವಾಯಿತು. ಮೈಸೂರು ಜಿಲ್ಲೆಯ ಮೀಸಲು ಕಾಡುಗಳು ಆಮೇಲೆ ಸೇರಿದವು. 1986ರಲ್ಲಿ ನೀಲಗಿರಿ ಜೀವಗೋಳ ಮೀಸಲಿನ ಭಾಗ, 1988ರಲ್ಲಿ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಯೋಜನೆಯೊಳಗೆ ಬಂಡೀಪುರದ ವಿಸ್ತರಣೆ, 2007ರಲ್ಲಿ ಸ್ವತಂತ್ರ ಹುಲಿ ಸಂರಕ್ಷಿತ ಪ್ರದೇಶ. ಪ್ರತಿ ಹಂತದಲ್ಲೂ ಹಾಡಿಯ ಬದುಕು ಒಂದಿಷ್ಟು ಕಿರಿದಾಯಿತು. ಅಣೆಕಟ್ಟಿಗೂ ಕಾಡಿಗೂ ನೆಲೆ ಬಿಟ್ಟವರು ಅಂಚಿನ ಹಳ್ಳಿಗಳಲ್ಲಿ, ಕೊಡಗಿನ ತೋಟದ ಲೈನುಗಳಲ್ಲಿ ಕೂಲಿಗಳಾದರು. ತೊಂಬತ್ತರ ದಶಕದ ಕೊನೆಗೆ ಆರಂಭವಾದ ಸ್ಥಳಾಂತರದಲ್ಲಿ ಅನೇಕ ಕುಟುಂಬಗಳು ಹುಣಸೂರು ತಾಲ್ಲೂಕಿನ ನಾಗಾಪುರಕ್ಕೆ ಬಂದವು; ಅಲ್ಲಿ ಜಮೀನು, ಮನೆ, ಆಶ್ರಮ ಶಾಲೆ ಸಿಕ್ಕಿತು. ಬೇಸಾಯ ಗೊತ್ತಿಲ್ಲದವರ ಕೈಯಲ್ಲಿ ಆ ಜಮೀನು ಎಷ್ಟು ದಿನ ನಿಂತೀತು ಎಂಬ ಪ್ರಶ್ನೆಯೂ ಜೊತೆಗೇ ಬಂತು. ಹೈಕೋರ್ಟ್ ಆದೇಶದಂತೆ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿ ನೇತೃತ್ವದ ಸಮಿತಿ 2014ರಲ್ಲಿ ಕೊಟ್ಟ ವರದಿ, ನೆಲೆ ಕಳೆದುಕೊಂಡು ಪುನರ್ವಸತಿಗೆ ಅರ್ಹವಾದ 3,418 ಕುಟುಂಬಗಳನ್ನು ಗುರುತಿಸಿತು. ಅರಣ್ಯಹಕ್ಕು ಕಾಯ್ದೆ 2006ರಲ್ಲೇ ಬಂದಿದ್ದರೂ ಹಕ್ಕುಪತ್ರದ ಅರ್ಜಿಗಳ ಜಗಳ ಇನ್ನೂ ಮುಗಿದಿಲ್ಲ. ಇದೇ ಕಾಡಿನ ಮೂರ್ಕಲ್ಲಿನಲ್ಲಿ ದೊಡ್ಡ ಹೋಟೆಲ್ ಸಂಸ್ಥೆಯೊಂದು ಅರಣ್ಯದ ಜಾಗ ಗುತ್ತಿಗೆ ಪಡೆದು ರೆಸಾರ್ಟ್ ಕಟ್ಟಹೊರಟಾಗ ಆದಿವಾಸಿಗಳು ಬೀದಿಗಿಳಿದು, ನ್ಯಾಯಾಲಯಕ್ಕೂ ಹೋಗಿ, 1997ರಲ್ಲಿ ಅದನ್ನು ನಿಲ್ಲಿಸಿದರು. ತಮ್ಮನ್ನು ಹೊರಡಿಸಿ ಅತಿಥಿಗಳನ್ನು ಕೂರಿಸುವುದು ಯಾವ ಸಂರಕ್ಷಣೆ ಎಂಬ ಅವರ ಅಂದಿನ ಪ್ರಶ್ನೆಗೆ ಈವರೆಗೆ ಯಾರೂ ನೆಟ್ಟಗೆ ಉತ್ತರಿಸಿದಂತಿಲ್ಲ.

ಲೆಕ್ಕ

ಇಷ್ಟೆಲ್ಲದರ ನಡುವೆ ಪ್ರಾಣಿಗಳು ಹೆಚ್ಚಿದವು ಎಂಬುದೂ ನಿಜ. ಅರವತ್ತರ ದಶಕದಲ್ಲಿ ಬಂದೂಕಿನ ಸದ್ದು ಇಲ್ಲಿ ಮಾಮೂಲು. ಅದನ್ನು ತಗ್ಗಿಸಿದವರಲ್ಲಿ ಕೊಡಗಿನ ಕೆ.ಎಂ. ಚಿಣ್ಣಪ್ಪ ಮುಖ್ಯರು; 1967ರಲ್ಲಿ ಇಲಾಖೆ ಸೇರಿ ಬಹುಕಾಲ ನಾಗರಹೊಳೆಯಲ್ಲೇ ದುಡಿದ ಅವರು 2024ರಲ್ಲಿ ತೀರಿಕೊಂಡರು. ಅವರ ಬಿಗಿಗೆ ಅಂಚಿನ ಊರುಗಳ ಸಿಟ್ಟೂ ಬೆಳೆದಿತ್ತು. 1992ರಲ್ಲಿ ಆ ಸಿಟ್ಟು ಕಾಡಿಗೇ ಬೆಂಕಿಯಾಗಿ ಹತ್ತಿತು.

ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು 1986ರಲ್ಲಿ ಇಲ್ಲಿ ಹುಲಿ ಅಧ್ಯಯನ ಆರಂಭಿಸಿದರು. ಆಗ ಹುಲಿಯೆಣಿಕೆ ಎಂದರೆ ಹೆಜ್ಜೆಗುರುತನ್ನು ಗಾಜಿನ ಮೇಲೆ ಬಿಡಿಸಿಕೊಳ್ಳುವುದು. ಒಂದೇ ಹುಲಿಯ ಹೆಜ್ಜೆ ಮರಳಿನಲ್ಲಿ ಒಂದು ಬಗೆ, ಕೆಸರಿನಲ್ಲಿ ಇನ್ನೊಂದು ಬಗೆ. ಹಾಗಾಗಿ ಆ ಲೆಕ್ಕ ನಂಬುವಂಥದ್ದಲ್ಲ. ಕಾರಂತರು ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟಿ, ಮೈಪಟ್ಟೆಯಿಂದ ಒಂದೊಂದು ಹುಲಿಯನ್ನೂ ಬೇರೆಬೇರೆಯಾಗಿ ಗುರುತಿಸಿ, ಸಿಕ್ಕ ಹುಲಿ ಮತ್ತೆ ಎಷ್ಟು ಸಲ ಸಿಕ್ಕಿತು ಎಂಬುದರಿಂದ ಸಿಗದವುಗಳ ಸಂಖ್ಯೆಯನ್ನು ಅಂದಾಜಿಸುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ಇಂದು ದೇಶದ ಹುಲಿಗಣತಿ ನಿಂತಿರುವುದು ಈ ಬಗೆಯ ಲೆಕ್ಕದ ಮೇಲೆ. ಅದೇ ವರ್ಷ ಅವರು ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ ಬರೆದ ಪ್ರಬಂಧದ ವಿಷಯ ಇನ್ನೂ ಕುತೂಹಲದ್ದು: ಹುಲಿ, ಚಿರತೆ, ಸೀಳುನಾಯಿ ಮೂರೂ ಇಷ್ಟು ಹತ್ತಿರ ಹೇಗೆ ಬದುಕುತ್ತವೆ? ಹುಲಿ ಕಾಟಿ, ಕಡವೆಯಂಥ ಭಾರಿ ಬೇಟೆಗೆ ಹೋಗುತ್ತದೆ. ಚಿರತೆ, ಸೀಳುನಾಯಿಗಳು ಹೆಚ್ಚಾಗಿ ಜಿಂಕೆಯಷ್ಟು ಗಾತ್ರದವನ್ನು ನೆಚ್ಚುತ್ತವೆ. ಎಲ್ಲ ಗಾತ್ರದ ಬೇಟೆಯೂ ಸಾಕಷ್ಟು ಇದ್ದರೆ ಮೂವರಿಗೂ ಜಾಗವಿದೆ. ಬೇಟೆ ಸಾಕಷ್ಟು ಇರಬೇಕಾದರೆ ಹುಲ್ಲು ಇರಬೇಕು. ಮತ್ತೆ ಹಡ್ಲಿಗೇ ಬಂದಂತಾಯಿತು. 2022ರ ಗಣತಿಯಂತೆ ನಾಗರಹೊಳೆಯಲ್ಲಿ 141 ಹುಲಿಗಳು, ದೇಶದಲ್ಲಿ ಕಾರ್ಬೆಟ್, ಬಂಡೀಪುರಗಳ ನಂತರದ ಸ್ಥಾನ. 2023ರ ಆನೆಗಣತಿಯಲ್ಲಿ 831 ಆನೆಗಳು. ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಜನ ಕೇಳಿಕೊಂಡು ಬರುವುದು ಹುಲಿಯನ್ನಲ್ಲ, ಕಬಿನಿಯ ಕರಿಚಿರತೆಯನ್ನು. ಅದು ಬೇರೆ ಜಾತಿಯೇನಲ್ಲ, ಮೈಬಣ್ಣ ಗಾಢವಾದ ಚಿರತೆ. ಬಿಸಿಲು ಬಿದ್ದಾಗ ಕಪ್ಪಿನೊಳಗೆ ಚುಕ್ಕೆಗಳು ಕಾಣುತ್ತವೆ.

ಹೋಗುವವರಿಗೆ

ಮೈಸೂರಿನಿಂದ ಎಚ್.ಡಿ. ಕೋಟೆ ಪಟ್ಟಣ ಸುಮಾರು 50 ಕಿ.ಮೀ. ಅಲ್ಲಿಂದ ಮಾನಂದವಾಡಿ ರಸ್ತೆಯಲ್ಲಿ ಅಂತರಸಂತೆ ದಾಟಿದರೆ ದಮ್ಮನಕಟ್ಟೆ; ಅರಣ್ಯ ಇಲಾಖೆಯ ಕಾಕನಕೋಟೆ ಸಫಾರಿ ಹೊರಡುವುದು ಇಲ್ಲಿಂದ. ಹುಣಸೂರು ಕಡೆಯವರಿಗೆ ವೀರನಹೊಸಹಳ್ಳಿ ಗೇಟು, ಕೊಡಗಿನ ಕುಟ್ಟ ಕಡೆಯವರಿಗೆ ನಾಣಚ್ಚಿ ಗೇಟು. ಕಾರಾಪುರದ ಮಹಾರಾಜರ ಹಳೆಯ ಬೇಟೆ ಬಂಗಲೆಯ ಆವರಣದಲ್ಲಿ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆ ಎಂಬತ್ತರ ದಶಕದಿಂದ ವಸತಿಗೃಹ ನಡೆಸುತ್ತಿದೆ; ದೋಣಿ ಸಫಾರಿಯೂ ಅಲ್ಲಿಂದಲೇ. ಬೆಳಿಗ್ಗೆ ಒಂದು, ಸಂಜೆ ಒಂದು ಸುತ್ತು. ಆನೆಗೆ ಫೆಬ್ರವರಿಯಿಂದ ಮೇ. ಹಸಿರಿಗೆ ಅಕ್ಟೋಬರ್, ನವೆಂಬರ್. ಮಳೆಗಾಲದಲ್ಲಿ ಕಾಡು ಚೆಂದ, ಪ್ರಾಣಿ ವಿರಳ. ಎಲ್ಲೆಲ್ಲೂ ನೀರು, ಎಲ್ಲೆಲ್ಲೂ ಹುಲ್ಲು ಇರುವಾಗ ಅವು ದಾರಿಯ ಬದಿಗೆ ಬರಬೇಕಾದ ಅಗತ್ಯವಿಲ್ಲ.

ಸಫಾರಿಯಲ್ಲಿ ನುರಿತ ಚಾಲಕ ಮಾಡುವ ಮೊದಲ ಕೆಲಸ ಎಂಜಿನ್ ಆರಿಸುವುದು. ಹುಲಿಯನ್ನು ಮೊದಲು ಕಾಣುವುದು ಕಣ್ಣಲ್ಲ, ಕಿವಿ. ಮರದ ಮೇಲಿನ ಮುಸುವ ‘ಖಕ್’ ಎಂದು ಕೆಮ್ಮಿದಂತೆ ಕೂಗುತ್ತದೆ. ಜಿಂಕೆ ಚೂಪುದನಿಯಲ್ಲಿ ಕಿರುಚುತ್ತದೆ. ಜಿಂಕೆಯನ್ನು ಪೂರ್ತಿ ನಂಬುವಂತಿಲ್ಲ, ಒಣಗಿದ ಕೊಂಬೆ ಬಿದ್ದರೂ ಕೂಗೀತು. ಕಡವೆ ಕೂಗಿತೆಂದರೆ ಚಾಲಕ ಬೀಡಾ ಉಗುಳಿ ನೆಟ್ಟಗೆ ಕೂರುತ್ತಾನೆ. ಆ ಹತ್ತು ನಿಮಿಷದಲ್ಲಿ ಹಿಂದಿನ ಸೀಟಿನವರು ಚಿಪ್ಸ್ ಪೊಟ್ಟಣ ಒಡೆಯದಿದ್ದರೆ ಸಾಕು.

ಮಾನಂದವಾಡಿ ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ಹಗಲಲ್ಲಿ ಬಸ್ಸಿನ ಕಿಟಕಿಯಿಂದಲೇ ಆನೆ ಕಾಣುವ ರಸ್ತೆ ಇದು, ಟಿಕೆಟ್ಟಿನ ದುಡ್ಡಿಗೆ ಸಫಾರಿ. ಇಳಿದು ಸೆಲ್ಫಿ ತೆಗೆಯಲು ಹೋಗುವವರಿಗೆ ದಂಡವಿದೆ. ಅದಕ್ಕಿಂತ ಮುಂಚೆ ಆನೆ ಇದೆ. ಹೊರಡುವ ಮುನ್ನ ಸಫಾರಿ ನಡೆಯುತ್ತಿದೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. 2025ರ ಅಕ್ಟೋಬರ್–ನವೆಂಬರ್‌ನಲ್ಲಿ ಪಕ್ಕದ ಸರಗೂರು ತಾಲ್ಲೂಕಿನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ, ಅರಣ್ಯ ಸಚಿವರು ನಾಗರಹೊಳೆ, ಬಂಡೀಪುರ ಎರಡರಲ್ಲೂ ಸಫಾರಿ ನಿಲ್ಲಿಸಲು ಆದೇಶಿಸಿದ್ದರು. ವಾಹನ ಮತ್ತು ರೆಸಾರ್ಟುಗಳ ಗದ್ದಲವೇ ಹುಲಿಯನ್ನು ಹೊರಗಟ್ಟುತ್ತಿದೆ ಎಂಬುದು ರೈತರ ದೂರು. ಅದೊಂದೇ ಕಾರಣವೆಂದು ಒಪ್ಪುವುದು ಕಷ್ಟ. ಹುಲಿ ತನ್ನ ಸೀಮೆ ಕಾಯುವ ಪ್ರಾಣಿ. ಕಾಡು ತುಂಬಿದಾಗ ಮುದಿಯದೂ ಗಾಯಗೊಂಡದ್ದೂ ಅಂಚಿಗೆ ತಳ್ಳಲ್ಪಡುತ್ತವೆ, ಅಂಚಿನಲ್ಲಿ ದನವಿದೆ, ದನದ ಹಿಂದೆ ಮನುಷ್ಯನಿದ್ದಾನೆ. ಆದರೆ ಕಾಡಿನ ಆದಾಯ ಒಬ್ಬರಿಗೆ, ಕಾಡಿನ ಹಾವಳಿ ಇನ್ನೊಬ್ಬರಿಗೆ ಎಂಬ ರೈತರ ಮಾತಿನ ಬೇರಿರುವುದು ಹೊಟ್ಟೆಯಲ್ಲಿ.

ಜುಲೈನಲ್ಲಿ ವಯನಾಡಿನ ಕೆಂಪು ನೀರು ಬಂದು ಹಿನ್ನೀರಿನ ಹುಲ್ಲು ಮುಳುಗುತ್ತದೆ. ಆನೆಹಿಂಡು ಒಡೆದು ಕಾಡಿಗೆ ಹೋಗುತ್ತದೆ. ಆ ಹೊತ್ತಿಗೆ ಹೊರಗೆ ಹೊಗೆಸೊಪ್ಪು ಎದೆಯೆತ್ತರ ಬಂದಿರುತ್ತದೆ, ಮುಸುಕಿನ ಜೋಳ ತೆನೆ ಬಿಟ್ಟಿರುತ್ತದೆ. ರಾಗಿ ತೆನೆಗಟ್ಟುವುದು ಇನ್ನಷ್ಟು ತಡವಾಗಿ, ಹಿನ್ನೀರು ಇನ್ನೂ ತುಂಬಿರುವಾಗಲೇ. ಹೊಗೆಸೊಪ್ಪನ್ನು ಆನೆ ತಿನ್ನುವುದಿಲ್ಲ, ತುಳಿಯುತ್ತದೆ. ಜೋಳ, ರಾಗಿ, ಬಾಳೆಯನ್ನು ತಿನ್ನುತ್ತದೆ. ಅಂಚಿಗೆ ಕಂದಕ ತೋಡಿದ್ದಾರೆ, ಸೋಲಾರ್ ತಂತಿ ಎಳೆದಿದ್ದಾರೆ, ಹಳೆಯ ರೈಲು ಕಂಬಿಗಳನ್ನು ನೆಟ್ಟು ಬೇಲಿ ಹಾಕಿದ್ದಾರೆ. ಆನೆ ತಂತಿಯ ಮೇಲೆ ಮರ ಬೀಳಿಸುತ್ತದೆ, ಕಂದಕದ ದಡ ಕೆಡವಿ ದಾರಿ ಮಾಡುತ್ತದೆ, ಹಳ್ಳ ಹಾಯುವಲ್ಲಿ ಬೇಲಿ ಮುಗಿಯುವ ಜಾಗ ಅದಕ್ಕೆ ಗೊತ್ತು. ಸಂಜೆ 6ಕ್ಕೆ ಗೇಟು ಮುಚ್ಚಿ ಪ್ರವಾಸಿಗರು ಊಟಕ್ಕೆ ಹೊರಡುವ ಹೊತ್ತಿಗೆ, ಮೇಟಿಕುಪ್ಪೆ, ಅಂತರಸಂತೆ ಕಡೆಯ ಹೊಲಗಳಲ್ಲಿ ರೈತರು ಟಾರ್ಚು, ಪಟಾಕಿ, ಕಂಬಳಿ ಹಿಡಿದು ಮರದ ಅಟ್ಟಣೆ ಹತ್ತುತ್ತಾರೆ. ಏಪ್ರಿಲ್‌ನಲ್ಲಿ ದಂಡೆಯ ಮೇಲೆ ಹುಲ್ಲಿನ ಕೆಸರು ಕೊಡವುತ್ತಿದ್ದ ಆನೆಯೇ, ನಡುರಾತ್ರಿ ಒಂದೂವರೆಗೆ, ರಾಗಿ ತೆನೆಯನ್ನು ಅದೇ ಮೊಣಕಾಲಿಗೆ ಬಡಿದು ಮಣ್ಣು ಉದುರಿಸುವ ಸದ್ದು ಅವರಿಗೆ ಕೇಳಿಸುತ್ತದೆ.